ವನಸ್ಪತಿಯ ವೃತ್ತಾಂತ

ಅಮರಕೋಶ ಬಲ್ಲವರಿಗೆ ವನಸ್ಪತಿಯೆಂದರೆ ಹೂ ತೋರದೆ ಹಣ್ಣು ಬಿಡುವ ಮರ. ಅತ್ತಿ, ಆಲ ಮೊದಲಾದುವು. ನನ್ನ ತರಗತಿಯ ಹಲವರಿಗೆ ಡಬ್ಬಿಯ ವನಸ್ಪತಿಯೊಂದೇ ಗೊತ್ತು. ಶಬ್ದವೊಂದು ಕಾಡಿನಿಂದ ಅಡುಗೆಮನೆಗೆ ಬಂದ ಬಗೆ ಕುತೂಹಲದ್ದಾದುದರಿಂದ ಅದನ್ನಿಲ್ಲಿ ಹೇಳುತ್ತೇನೆ.

ನಿಕ್ಕಲ್ ಲೋಹದ ಪುಡಿಯ ಸನ್ನಿಧಿಯಲ್ಲಿ ದ್ರವ ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡುವ ವಿಧಾನಕ್ಕೆ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟು ಬೇಡಿದ. ಅಗ್ಗದ ಎಣ್ಣೆ ಹೀಗೆ ತುಪ್ಪದ ವೇಷ ತೊಟ್ಟಿತು. 1937ರಲ್ಲಿ ನಮ್ಮಲ್ಲಿ 'ಡಾಲ್ಡಾ' ಬಂತು; ಹಳದಿ ಡಬ್ಬಿ, ಅದರ ಮೇಲೆ ಹಸುರು ತಾಳೆಮರ. ಬರಿದಾದ ಡಬ್ಬಿ ನಮ್ಮಜ್ಜಿಯ ಮನೆಯಲ್ಲಿ ಹುಣಿಸೆಹಣ್ಣಿನ ಉಗ್ರಾಣವಾಗಿತ್ತು. ಬ್ರಾಂಡಿನ ಹೆಸರೇ ವಸ್ತುವಿನ ಹೆಸರಾಗಿಬಿಟ್ಟಿತೆಂದರೆ ಅದು ಎಷ್ಟು ಮನೆಗಳನ್ನು ಹೊಕ್ಕಿರಬೇಕು!

ವಿರೋಧವೂ ಆಗಲೇ ಹುಟ್ಟಿತು. ಗಾಂಧೀಜಿಯವರು ವಿರೋಧಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಠಾಕೂರ್ ದಾಸ್ ಭಾರ್ಗವರು ನಿಷೇಧದ ಮಸೂದೆಯನ್ನೇ ತಂದರು, ಅದು ಕಾನೂನಾಗಲಿಲ್ಲ. ಕೂಗೆಲ್ಲ ಮುಖ್ಯವಾಗಿ ಕಲಬೆರಕೆಯದು: ತುಪ್ಪಕ್ಕೆ ಇದನ್ನು ಬೆರೆಸಿದರೆ ಕಂಡುಹಿಡಿಯುವುದೆಂತು? ಬಣ್ಣ ಹಾಕಿಸೋಣವೆಂದು ಹುಡುಕಿದರು. ತಕ್ಕ ಬಣ್ಣ ಸಿಕ್ಕಲಿಲ್ಲ. ಕೊನೆಗೆ ವನಸ್ಪತಿಯಲ್ಲಿ ನೂರಕ್ಕೆ 5 ಪಾಲು ಎಳ್ಳೆಣ್ಣೆ ಇರಲೇಬೇಕೆಂದು ವಿಧಿಸಿದರು. ಎಳ್ಳೆಣ್ಣೆಯಿದ್ದರೆ ಪ್ರಯೋಗಶಾಲೆಯಲ್ಲಿ ಆಮ್ಲ ಮತ್ತು ಫರ್ಫ್ಯೂರಾಲ್ ಬೆರೆಸಿದೊಡನೆ ಕೆಂಪು ತಿರುಗುತ್ತದೆ. ಕಳ್ಳನ ಜೇಬಿನಲ್ಲೇ ಗುರುತಿನ ಚೀಟಿ ಇಟ್ಟಂತೆ! ಆ ಕಾಲದವರ ಈ ಜಾಣ್ಮೆಗೆ ನಾನು ತಲೆದೂಗುತ್ತೇನೆ.

ಆದರೆ ಎಳ್ಳೆಣ್ಣೆ ಹಿಡಿದುಕೊಟ್ಟದ್ದು ಮೋಸವನ್ನು ಮಾತ್ರ. ಅಸಲು ಕೇಡು ಡಬ್ಬಿಯ ಮೇಲೆ ವನಸ್ಪತಿಯೆಂದು ಪ್ರಾಮಾಣಿಕವಾಗಿ ಬರೆದು ಮಾರಿದರೂ ಒಳಗಿತ್ತು. ಎಣ್ಣೆಯ ಕೊಬ್ಬಿನಾಮ್ಲಗಳ ಸರಪಳಿ ಅಲ್ಲಲ್ಲಿ ಬಾಗಿರುತ್ತದೆ. ಆದ್ದರಿಂದಲೇ ಅದು ಹರಿಯುತ್ತದೆ. ಜಲಜನಕವನ್ನು ಅರೆಬರೆ ಕೂಡಿಸಿದಾಗ ಕೆಲವು ಬಾಗು ನೆಟ್ಟಗಾಗುತ್ತವೆ. ಇದೇ ಟ್ರಾನ್ಸ್ ಕೊಬ್ಬು. ಹಾಲು ತುಪ್ಪಗಳಲ್ಲೂ ಅದು ಸ್ವಭಾವತಃ ತುಸು ಉಂಟು; ವನಸ್ಪತಿಯಲ್ಲಿದ್ದ ಪ್ರಮಾಣಕ್ಕೆ ಅದು ಸಾಟಿಯಲ್ಲ. ಅಮೆರಿಕದ ಫ್ರೆಡ್ ಕುಮ್ಮರೋ 1957ರಲ್ಲೇ ಎಚ್ಚರಿಸಿದ್ದರು; ಕೇಳಿದವರು ವಿರಳ. 1990ರಲ್ಲಿ ಹಾಲೆಂಡಿನ ಮೆನ್‌ಸಿಂಕ್ ಮತ್ತು ಕಟಾನ್, ಇದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು ತೋರಿಸಿದ ಮೇಲೆ ಲೋಕ ಕಣ್ಣು ತೆರೆಯಿತು. ಡೆನ್ಮಾರ್ಕ್ 2003ರಲ್ಲಿ ಕಟ್ಟುಮಾಡಿತು. ನಮ್ಮಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಮೊದಲು ನೂರಕ್ಕೆ 10, ಬಳಿಕ 5, 2021ರಲ್ಲಿ 3 ಎಂದಿಳಿದು, 2022ರ ಜನವರಿಯಿಂದ 2ಕ್ಕೆ ನಿಂತಿದೆ. ನಾರ್ಮನ್ನನಿಂದ ಇಲ್ಲಿಗೆ 120 ವರ್ಷ. ಅಷ್ಟರಲ್ಲಿ ಮೂರು ತಲೆಮಾರು ಪೂರಿ ಕರಿದು ತಿಂದಿತ್ತು.

ಕಾನೂನು ಮಾಡಿದಷ್ಟಕ್ಕೆ ಬೇಕರಿಯ ಒಲೆ ಬದಲಾಗುವುದಿಲ್ಲ. ಪೊಟ್ಟಣದ ಮೇಲೆ 'ಹೈಡ್ರೋಜನೀಕೃತ' ಎಂದಿದ್ದರೆ ಟ್ರಾನ್ಸ್ ಕೊಬ್ಬಿನ ಅಂಕಿಯನ್ನೂ ನೋಡಬೇಕು. ಬಿಡಿಯಾಗಿ ಮಾರುವ ಪಫ್, ಖಾರಾ ಬಿಸ್ಕತ್ತುಗಳಿಗೆ ಪೊಟ್ಟಣವೂ ಇಲ್ಲ, ಅಕ್ಷರವೂ ಇಲ್ಲ. ಯಾವ ಕೊಬ್ಬು ಹಾಕಿದಿರಿ ಎಂದು ಕೇಳಿಯೇ ತಿಳಿಯಬೇಕು. ಮತ್ತೆ ಮತ್ತೆ ಕಾಯಿಸಿದ ಬಾಣಲೆಯ ಎಣ್ಣೆಯಲ್ಲೂ ಅದು ಸ್ವಲ್ಪ ಹುಟ್ಟುತ್ತದೆ. ಅದಕ್ಕೆ ಎಳ್ಳೆಣ್ಣೆಯ ಗುರುತು ಕೂಡ ಇಲ್ಲ.