ಕಟ್ಟಿನೊಳಗಿನ ಅಚ್ಚಿನ ಹಾಳೆ: ಹಸ್ತಪ್ರತಿ ಸಂಗ್ರಹಗಳಲ್ಲಿ ಮುದ್ರಿತ ಸಾಮಗ್ರಿಯ ವಿವರಣೆ

ಹಸ್ತಪ್ರತಿಗಳ ಸಂಗ್ರಹ, ಸೂಚೀರಚನೆ, ಗ್ರಂಥಸಂಪಾದನೆಗಳ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಸ್ತಪ್ರತಿಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನೇ ತೆರೆಯಿತು, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳು ಅಲ್ಲಿಂದಲೇ ಪ್ರಕಟವಾದವು. ಓಲೆಗರಿ, ಕಾಗದದ ಪ್ರತಿಗಳನ್ನು ವಿವರಿಸುವ ಕ್ರಮದಲ್ಲಿ ಈಗ ದೊಡ್ಡ ತಕರಾರಿಲ್ಲ. ತಕರಾರಿರುವುದು ಅದೇ ಕಟ್ಟಿನಲ್ಲಿ ಬರುವ ಪಂಚಾಂಗ, ಕರಪತ್ರ, ಅಚ್ಚಿನ ಪುಸ್ತಕಗಳ ವಿಷಯದಲ್ಲಿ.

2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ವ್ಯಾಖ್ಯೆಯಂತೆ ಹಸ್ತಪ್ರತಿ ಎಂದರೆ ಕನಿಷ್ಠ 75 ವರ್ಷ ಹಳೆಯ ಕೈಬರಹ. ಕಲ್ಲಚ್ಚು ಹಾಗೂ ಮುದ್ರಿತ ಸಂಪುಟಗಳು ಹಸ್ತಪ್ರತಿಗಳಲ್ಲ. ಎಣಿಕೆಗೆ ಈ ಗೆರೆ ಬೇಕೇ ಬೇಕು. ಅದನ್ನೇ ಕಟ್ಟು ಬಿಚ್ಚಿ ವಿಂಗಡಿಸುವ ನಿಯಮ ಮಾಡಿಕೊಳ್ಳುವುದನ್ನು ಮಾತ್ರ ಒಪ್ಪಲಾಗದು.

ಮೊದಲು ಗುರುತಿಸುವಿಕೆಯ ಮಾತು. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. 1844ರಲ್ಲಿ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾದಾಗ ಅದು ಮೊಳೆಯಚ್ಚಿಗೆ ತಿರುಗಿತು. ಕಲ್ಲಚ್ಚಿನ ಬಿಡಿಹಾಳೆ ಬರಿಗಣ್ಣಿಗೆ ಕೈಬರಹದಂತೆಯೇ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ: ಬರೆದ ಅಕ್ಷರದಲ್ಲಿ ಲೇಖನಿ ನಿಂತ ಕಡೆ ಶಾಯಿ ಗಟ್ಟಿಯಾಗಿರುತ್ತದೆ, ಮತ್ತೆ ಅದ್ದುವ ಮೊದಲು ತೆಳುವಾಗಿರುತ್ತದೆ; ಕಲ್ಲಚ್ಚಿನಲ್ಲಿ ಪುಟವಿಡೀ ಹೆಚ್ಚುಕಡಿಮೆ ಒಂದೇ ಕಪ್ಪು.

ದಸ್ತಾವೇಜುಗಳಲ್ಲಿ ಅಚ್ಚಿನ ತಲೆಬರಹವೇ ಸಾಕ್ಷಿ. ಉದಾಹರಣೆಗೆ, ಹೊಸಪೇಟೆ, ಕಂಪ್ಲಿಗಳು 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ನೆರೆಯ ಸಂಡೂರು 1949ರವರೆಗೆ ಘೋರ್ಪಡೆಯವರ ಸಂಸ್ಥಾನ. ಒಂದೇ ಮನೆತನದ ಕಟ್ಟಿನಲ್ಲಿ ಎರಡೂ ಕಡೆಯ ನಮೂನೆಗಳಿರಬಹುದು. ಕೈಬರಹವನ್ನಷ್ಟೇ ಸೂಚಿಗೆ ಇಳಿಸಿ ತಲೆಬರಹ ಬಿಟ್ಟರೆ, ಕಾಗದ ಯಾವ ಸರ್ಕಾರದ್ದೆಂಬುದೇ ಕೈತಪ್ಪುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ಪಾಠದ ಪ್ರಶ್ನೆ. ಬಯಲಾಟದ ಪ್ರಸಂಗವೊಂದನ್ನು ಅಚ್ಚಿನ ಪುಸ್ತಕ ನೋಡಿ ನೋಟುಬುಕ್ಕಿಗೆ ಇಳಿಸಿಕೊಂಡಿದ್ದಾರೆ, ಆ ಪುಸ್ತಕವೂ ಅದೇ ಕಟ್ಟಿನಲ್ಲಿದೆ ಎನ್ನೋಣ. ಪುಸ್ತಕ ಗ್ರಂಥಾಲಯಕ್ಕೂ ನೋಟುಬುಕ್ಕು ಭಂಡಾರಕ್ಕೂ ಹೋದ ಮೇಲೆ ಮುಂದಿನ ಸಂಪಾದಕ ನೋಟುಬುಕ್ಕನ್ನು ಸ್ವತಂತ್ರ ಪ್ರತಿಯೆಂದು ನಂಬುತ್ತಾನೆ. ಅಚ್ಚಿನ ಮೊಳೆದೋಷಕ್ಕೆ ‘ಹಸ್ತಪ್ರತಿಯ ಆಧಾರ’ ಸಿಕ್ಕಿಬಿಡುತ್ತದೆ. ಹಾಗಾಗಿ ನನ್ನ ವಾದವಿಷ್ಟು: ಕಟ್ಟಿನಲ್ಲಿ ಬಂದ ಮುದ್ರಿತ ವಸ್ತುವಿಗೆ ಕಟ್ಟಿನ ಕ್ರಮಾಂಕವನ್ನೇ ಕೊಟ್ಟು, ಶೀರ್ಷಿಕೆ, ಮುದ್ರಣಾಲಯ, ವರ್ಷ, ಅಂಚಿನ ಬರಹ, ನೆರೆಯ ಕೈಬರಹದೊಡನೆ ಅದರ ಸಂಬಂಧ, ಇಷ್ಟನ್ನೂ ಅಲ್ಲಿಯೇ ದಾಖಲಿಸಬೇಕು. ದಾಖಲೆಗಳ ಜೋಡಣೆ, ವಿವರಣೆಯ ಬಗೆಗಿನ 1898ರ ಡಚ್ ಕೈಪಿಡಿ ಕಚೇರಿ ದಾಖಲೆಗಳಿಗೆ ಹೇಳಿದ ಮೂಲಕ್ರಮ ರಕ್ಷಣೆಯ ತತ್ತ್ವ ಮನೆತನದ ಕಟ್ಟುಗಳಿಗೂ ಬಹುಮಟ್ಟಿಗೆ ಸಲ್ಲುತ್ತದೆ.

ಬಹುಮಟ್ಟಿಗೆ ಎಂದದ್ದಕ್ಕೆ ಕಾರಣವಿದೆ. ದಾನಿಗಳು ಕಪಾಟು ಖಾಲಿ ಮಾಡುವಾಗ ಸೇರಿಸಿಕೊಟ್ಟ, ಬರಹವಾಗಲಿ ಗುರುತಾಗಲಿ ಇಲ್ಲದ, ಬೇರೆಡೆ ಸುಲಭವಾಗಿ ಸಿಗುವ ಪುಸ್ತಕಕ್ಕೆ ಈ ಮಾತು ಅನ್ವಯಿಸದು. ದಾನಪಟ್ಟಿಯಲ್ಲಿ ಅದರ ಹೆಸರಿದ್ದರೆ ಸಾಕು. ಆಮ್ಲ ತುಂಬಿ ಪುಡಿಯಾಗುವ ಅಚ್ಚಿನ ಕಾಗದ ಪಕ್ಕದ ಹಾಳೆಯನ್ನೂ ಕೆಡಿಸುವುದರಿಂದ ಅದನ್ನು ಬೇರೆ ಇಡಲೇಬೇಕಾದೀತು. ಆಗ ಅದರ ಜಾಗದಲ್ಲಿ ಸೂಚನಾಚೀಟಿ ಇರಲಿ. ಕಟ್ಟಿದ ಕೈ ಯಾರದು, ಕ್ರಮ ಮೂಲದ್ದೋ ಆಮೇಲಿನದೋ ಎಂಬುದನ್ನು ಪ್ರತಿ ಕಟ್ಟಿನಲ್ಲೂ ಪರಿಶೀಲಿಸಿಯೇ ಹೇಳಬೇಕು.

ಈಗಾಗಲೇ ಬೇರ್ಪಟ್ಟ ಪುಸ್ತಕಗಳನ್ನು ದಾನಪಟ್ಟಿ, ದಾಖಲಾತಿ ಸಂಖ್ಯೆಗಳ ನೆರವಿನಿಂದ ಸೂಚಿಯಲ್ಲಾದರೂ ಮರಳಿ ಜೋಡಿಸಬಹುದೇ, ಅಂಥ ಜೋಡಣೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇನ್ನೂ ಇತ್ಯರ್ಥವಾಗಬೇಕಿದೆ.