ಮಂಡಿಂಕಾ ರಾಜ್ಯಗಳು ಮತ್ತು ಸಹರಾ ವ್ಯಾಪಾರ

ಪಶ್ಚಿಮ ಆಫ್ರಿಕದ ನೈಜರ್ ನದಿಯ ಮೇಲ್ಕಣಿವೆಯಲ್ಲಿ, ಇಂದಿನ ಮಾಲಿ ಮತ್ತು ಗಿನಿ ದೇಶಗಳು ಸಂಧಿಸುವ ಭಾಗದಲ್ಲಿ ನೆಲೆಸಿದ್ದ ಮಂಡಿಂಕಾ ಜನರು 13ನೇ ಶತಮಾನದಿಂದ ಕಟ್ಟಿದ ರಾಜ್ಯಗಳಲ್ಲಿ ಮಾಲಿ ಸಾಮ್ರಾಜ್ಯವೇ ಹಿರಿದು. ಇದರ ಬೊಕ್ಕಸ ತುಂಬಿದ್ದು ದಕ್ಷಿಣದ ಬಂಗಾರದಿಂದ ಎಂಬುದು ಜನಜನಿತವಾದ ಮಾತು; ಆದರೆ ಬಂಗಾರವಿದ್ದ ನೆಲದ ನೇರ ಒಡೆತನಕ್ಕಿಂತ, ಆ ಬಂಗಾರವೂ ಮರುಭೂಮಿಯ ಉಪ್ಪೂ ಕೈಬದಲಾಗುತ್ತಿದ್ದ ದಾರಿಗಳ ಮೇಲಿನ ಹಿಡಿತವೇ ಮಾಲಿಯ ಅರಸರ ನಿಜವಾದ ಬಲವಾಗಿತ್ತು.

ಮಾಲಿಗಿಂತ ಮೊದಲು ಈ ದಾರಿಗಳು ಸೋನಿಂಕೆ ಜನರ ಘಾನಾ ರಾಜ್ಯದ ವಶದಲ್ಲಿದ್ದವು. ಈ ಘಾನಾ ಇಂದಿನ ಘಾನಾ ದೇಶವಲ್ಲ. ಅದು ಇಂದಿನ ಮಾರಿಟೇನಿಯದ ದಕ್ಷಿಣಕ್ಕೂ ಮಾಲಿಯ ಪಶ್ಚಿಮಕ್ಕೂ ಹರಡಿತ್ತು. 1068ರಲ್ಲಿ ಸ್ಪೇನಿನ ಕೋರ್ಡೋಬದಲ್ಲಿ ಕುಳಿತು ಬರೆದ ಭೂಗೋಳಕಾರ ಅಲ್-ಬಕ್ರಿಯ ಪ್ರಕಾರ, ಘಾನಾದ ಅರಸನು ತನ್ನ ಸೀಮೆಯೊಳಕ್ಕೆ ಬರುವ ಪ್ರತಿ ಕತ್ತೆಹೊರೆ ಉಪ್ಪಿಗೆ ಒಂದು ದಿನಾರ್, ಹೊರಕ್ಕೆ ಹೋಗುವ ಹೊರೆಗೆ ಎರಡು ದಿನಾರ್ ಸುಂಕ ಪಡೆಯುತ್ತಿದ್ದನು. ಬಂಗಾರದ ಗಟ್ಟಿಗಳು ಅರಸನಿಗೆ ಸೇರಿದರೆ ಬಂಗಾರದ ಪುಡಿ ಪ್ರಜೆಗಳಿಗೆ ಸಲ್ಲುತ್ತಿತ್ತು. ಈ ರಾಜ್ಯವು ಕುಂದಿದ ಮೇಲೆ ಸೋಸೋ ಜನರು ತಲೆಯೆತ್ತಿ, ಅವರ ಅರಸ ಸುಮಂಗುರು ಕಾಂಟೆಯು ಮಂಡಿಂಕಾ ನಾಡನ್ನೂ ಅಧೀನಕ್ಕೆ ತಂದುಕೊಂಡನು.

ಸುಮಂಗುರುವನ್ನು ಸೋಲಿಸಿ ಮಾಲಿಯನ್ನು ಸ್ಥಾಪಿಸಿದವನು ಕೇಯ್ತಾ ಮನೆತನದ ಸುಂಡಿಯಾಟ. ನಿರ್ಣಾಯಕವಾದ ಕಿರಿನಾ ಯುದ್ಧವನ್ನು ಸಾಮಾನ್ಯವಾಗಿ 1235ರ ಸುಮಾರಿಗೆ ಇಡಲಾಗುತ್ತದೆ. ಈ ವೃತ್ತಾಂತವನ್ನು ಉಳಿಸಿದವರು 'ಜೇಲಿ' ಅಥವಾ 'ಜಾಲಿ' ಎಂಬ ವಂಶಪಾರಂಪರ್ಯ ಗಾಯಕರು. ಅರಸುಮನೆತನಗಳ ವಂಶಾವಳಿಯನ್ನು ಕಂಠಸ್ಥವಾಗಿಟ್ಟುಕೊಂಡು ತಂತಿವಾದ್ಯಗಳೊಡನೆ ಹಾಡುವುದು, ರಾಜರ ಪರವಾಗಿ ಮಾತನಾಡುವುದು, ಜಗಳಗಳಲ್ಲಿ ಮಧ್ಯಸ್ಥಿಕೆ ವಹಿಸುವುದು ಇವರ ಕಸುಬು. ಅವರ ಕಥನದಲ್ಲಿ ಸುಂಡಿಯಾಟನು ನಡೆಯಲಾರದ ಬಾಲಕನಾಗಿ ಬೆಳೆದು, ದೇಶಭ್ರಷ್ಟನಾಗಿ ಅಲೆದು, ಮಂತ್ರಬಲದ ವೈರಿಯನ್ನು ಗೆಲ್ಲುತ್ತಾನೆ. ಇದೆಲ್ಲವೂ ಅಕ್ಷರಶಃ ನಡೆದ ಸಂಗತಿಯಲ್ಲವಾದರೂ ಇದನ್ನು ಬರಿಯ ದಂತಕಥೆಯೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ 14ನೇ ಶತಮಾನದ ಇತಿಹಾಸಕಾರ ಇಬ್ನ್ ಖಾಲ್ದೂನನೂ ಸೋಸೋ ಜನರನ್ನು ಸೋಲಿಸಿದ ಮಾರಿ ಜಾಟಾ ಎಂಬ ಅರಸನನ್ನು ಹೆಸರಿಸಿ, ಅವನ ನಂತರ ಆಳಿದವರ ಸರಣಿಯನ್ನು ಕೊಡುತ್ತಾನೆ. ಗೆದ್ದ ಕುಲಗಳು ಕುರುಕನ್ ಫುಗಾ ಎಂಬ ಬಯಲಿನಲ್ಲಿ ಸಭೆ ಸೇರಿ ಪರಸ್ಪರ ಹಕ್ಕುಬಾಧ್ಯತೆಗಳನ್ನು ಗೊತ್ತುಮಾಡಿಕೊಂಡವೆಂದು ಪರಂಪರೆ ಹೇಳುತ್ತದೆ. ಆ ಮೌಖಿಕ ಶಾಸನವನ್ನು ಯುನೆಸ್ಕೊ 2009ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 'ಮಾನ್ಸಾ' ಎಂಬ ಬಿರುದಿನಿಂದ ಆಳಿದ ಅರಸರ ಕೆಳಗೆ ಸ್ಥಳೀಯ ಕುಲಮುಖ್ಯರು ತಮ್ಮ ಅಧಿಕಾರವನ್ನು ಉಳಿಸಿಕೊಂಡು ಕಪ್ಪ ಕೊಡುತ್ತಿದ್ದರು. ರಾಜ್ಯಕ್ಕೆ ಅನ್ನ ಕೊಟ್ಟದ್ದು ನದಿಯ ಪ್ರವಾಹಬಯಲಿನ ಭತ್ತ ಮತ್ತು ಮಳೆಯಾಶ್ರಿತ ಸಜ್ಜೆ, ಜೋಳಗಳು.

ಬಂಗಾರ ದೊರೆಯುತ್ತಿದ್ದುದು ಸೆನೆಗಲ್ ಮತ್ತು ಫಲೇಮೆ ನದಿಗಳ ನಡುವಣ ಬಾಂಬುಕ್, ಮೇಲಣ ನೈಜರ್ ಬಳಿಯ ಬೂರೆ, ಮತ್ತು ಕ್ರಮೇಣ ದಕ್ಷಿಣದ ಕಾಡಿನಂಚಿನ ಅಕಾನ್ ಸೀಮೆಗಳಲ್ಲಿ. ಹಳ್ಳಿಯ ಹೆಣ್ಣು ಗಂಡುಗಳು ಕಿರಿದಾದ ಬಾವಿಗಳನ್ನು ತೋಡಿ, ಮಣ್ಣನ್ನು ನೀರಿನಲ್ಲಿ ಜಾಲಿಸಿ ಪುಡಿಯನ್ನು ಬೇರ್ಪಡಿಸುತ್ತಿದ್ದರು. ಕೈರೋದ ಲೇಖಕ ಅಲ್-ಉಮರಿಯು ದಾಖಲಿಸಿರುವ ಸಂಗತಿಯೊಂದು ಇಲ್ಲಿ ಬಹಳ ಮುಖ್ಯವಾದುದು: ಬಂಗಾರದ ಊರುಗಳನ್ನು ಗೆದ್ದು ಅಲ್ಲಿ ಇಸ್ಲಾಮನ್ನು ಹರಡಿದಾಗಲೆಲ್ಲ ಉತ್ಪಾದನೆ ಕುಸಿದು ನೆರೆಯ ಊರುಗಳಲ್ಲಿ ಹೆಚ್ಚುತ್ತಿದ್ದುದನ್ನು ಕಂಡ ಮಾಲಿಯ ಅರಸರು, ಸ್ವತಃ ಮುಸ್ಲಿಮರಾಗಿದ್ದರೂ, ಆ ಜನರನ್ನು ಅವರ ಹಳೆಯ ನಂಬಿಕೆಗಳಿಗೇ ಬಿಟ್ಟು ಕಪ್ಪವನ್ನು ಮಾತ್ರ ಪಡೆದರು. ಈ ಸಂಯಮವನ್ನು ದೌರ್ಬಲ್ಯವೆನ್ನುವುದಕ್ಕಿಂತ ಆಡಳಿತದ ವಿವೇಕವೆನ್ನುವುದು ನ್ಯಾಯ. ಗಣಿಗಳಿಂದ ಪೇಟೆಗಳಿಗೆ ಬಂಗಾರವನ್ನು ಸಾಗಿಸಿದವರು 'ವಂಗಾರಾ' ಅಥವಾ 'ಜೂಲಾ' ಎಂದು ಕರೆಯಲ್ಪಟ್ಟ ಮಾಂಡೆ ಭಾಷಿಕ ಮುಸ್ಲಿಂ ವರ್ತಕರು. ಬಂಧುಬಳಗದ ನಂಬಿಕೆ ಮತ್ತು ಸಮಾನ ಧರ್ಮದ ಬಲದಿಂದ ಇವರು ಮಾಲಿಯ ಆಳ್ವಿಕೆ ತಲುಪದ ಊರುಗಳಲ್ಲಿಯೂ ನೆಲೆಯೂರಿದರು.

ಉತ್ತರದ ತುದಿಯಲ್ಲಿ, ಮೊರಾಕೊದ ಮರುಭೂಮಿಯಂಚಿನ ಸಿಜಿಲ್ಮಾಸಾ ಪಟ್ಟಣದಿಂದ ಸಾರ್ಥಗಳು, ಅಂದರೆ ಒಂಟೆಗಳ ವ್ಯಾಪಾರಿ ತಂಡಗಳು, ಚಳಿಗಾಲದಲ್ಲಿ ಹೊರಡುತ್ತಿದ್ದವು. 1352ರಲ್ಲಿ ಇಂಥ ಒಂದು ತಂಡದೊಡನೆ ಹೊರಟ ಪ್ರವಾಸಿ ಇಬ್ನ್ ಬತೂತನು 25 ದಿನಗಳಲ್ಲಿ ತಘಾಜಾ ಎಂಬ ಉಪ್ಪಿನ ಗಣಿಯನ್ನೂ, ಒಟ್ಟು ಎರಡು ತಿಂಗಳಲ್ಲಿ ಮಾಲಿಯ ಗಡಿಪಟ್ಟಣವಾದ ವಲಾಟಾವನ್ನೂ ತಲುಪಿದನು. ತಘಾಜಾದ ಮನೆಗಳ ಗೋಡೆಗಳು ಉಪ್ಪಿನ ಚಪ್ಪಡಿಗಳಿಂದಲೂ ಮಾಡುಗಳು ಒಂಟೆಯ ತೊಗಲಿನಿಂದಲೂ ಆಗಿದ್ದವು. ಅಲ್ಲಿ ಉಪ್ಪನ್ನು ಅಗೆಯುತ್ತಿದ್ದವರು ಮಸ್ಸೂಫಾ ಎಂಬ ಬರ್ಬರ್ ಪಂಗಡದವರ ಗುಲಾಮರು. ಕುಡಿಯಲು ಉಪ್ಪುನೀರು, ಉಣ್ಣಲು ಬೇರೆಡೆಯಿಂದ ಬಂದ ಖರ್ಜೂರ, ಸಜ್ಜೆ ಮತ್ತು ಒಂಟೆಯ ಮಾಂಸ. ಅಲ್ಲಿಂದ ಮುಂದಿನ ನೀರಿಲ್ಲದ ದಾರಿಯಲ್ಲಿ 'ತಕ್ಷೀಫ್' ಎಂಬ ಮಸ್ಸೂಫಾ ದೂತನೊಬ್ಬನು ಒಂಟಿಯಾಗಿ ಮುಂದೆ ಸಾಗಿ ವಲಾಟಾಕ್ಕೆ ಸುದ್ದಿ ಮುಟ್ಟಿಸಿದರೆ, ಊರವರು ನಾಲ್ಕು ದಿನಗಳ ದಾರಿ ಎದುರು ಬಂದು ನೀರು ಕೊಡುತ್ತಿದ್ದರು. ಆ ದೂತನು ದಾರಿಯಲ್ಲಿ ಸತ್ತರೆ ಇಡೀ ತಂಡವೇ ನಾಶವಾಗಬಹುದಾಗಿತ್ತು.

ಇಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಂಡದ್ದಕ್ಕೆ ಬೆಲೆಯೇ ಕಾರಣ. ಒಂದು ಒಂಟೆಹೊರೆ ಉಪ್ಪು ವಲಾಟಾದಲ್ಲಿ 8ರಿಂದ 10 ಮಿತ್ಕಾಲ್ ಬಂಗಾರಕ್ಕೆ (ಒಂದು ಮಿತ್ಕಾಲ್ ಎಂದರೆ ನಾಲ್ಕು ಗ್ರಾಮಿಗಿಂತ ತುಸು ಹೆಚ್ಚು) ಮಾರಾಟವಾದರೆ, ಮಾಲಿಯ ರಾಜಧಾನಿಯಲ್ಲಿ ಅದೇ ಹೊರೆ 20ರಿಂದ 30ಕ್ಕೆ, ಕೆಲವೊಮ್ಮೆ 40ಕ್ಕೂ ಹೋಗುತ್ತಿತ್ತು. ತುಂಡರಿಸಿದ ಉಪ್ಪೇ ಅಲ್ಲಿ ನಾಣ್ಯದಂತೆ ಚಲಾವಣೆಯಾಗುತ್ತಿತ್ತು. ಉತ್ತರದಿಂದ ಬಟ್ಟೆ, ಕುದುರೆ, ಗಾಜಿನ ಮಣಿ, ಪುಸ್ತಕಗಳೂ, ಸಹರಾದ ತಕೆಡ್ಡಾದಿಂದ ತಾಮ್ರವೂ ಬರುತ್ತಿದ್ದವು. ದಕ್ಷಿಣದಿಂದ ಬಂಗಾರದೊಡನೆ ಮನುಷ್ಯರೂ ಸರಕಾಗಿ ಸಾಗುತ್ತಿದ್ದರೆಂಬುದನ್ನು ಮರೆಮಾಚಲಾಗದು: 1353ರಲ್ಲಿ ಇಬ್ನ್ ಬತೂತನು ಹಿಂದಿರುಗಿದ ಸಾರ್ಥದಲ್ಲಿ 600 ಮಂದಿ ಗುಲಾಮ ಹೆಣ್ಣುಮಕ್ಕಳಿದ್ದರು. ಮಾಲಿಯ ಪೇಟೆಗಳಲ್ಲಿ ಕವಡೆಯೂ ನಡೆಯುತ್ತಿತ್ತು. ಅದರ ಮೂಲ ಹಿಂದೂ ಮಹಾಸಾಗರದ ಮಾಲ್ಡೀವ್ಸ್. ಕರ್ನಾಟಕದ ಕರಾವಳಿಯ ಹೊನ್ನಾವರದಲ್ಲಿ ತಂಗಿದ್ದು ಮಾಲ್ಡೀವ್ಸಿಗೆ ಹೋಗಿ ಅಲ್ಲಿ ನ್ಯಾಯಾಧೀಶನಾಗಿದ್ದ ಈ ಪ್ರವಾಸಿಯೇ ಸುಮಾರು ಒಂದು ದಶಕದ ನಂತರ ನೈಜರ್ ದಡದಲ್ಲಿ ಕವಡೆಯ ಚಲಾವಣೆಯನ್ನು ಕಂಡನು.

ಸಾಮ್ರಾಜ್ಯದ ಕೀರ್ತಿಯು ಪರಾಕಾಷ್ಠೆಗೇರಿದ್ದು 1312ರಿಂದ ಸುಮಾರು 1337ರವರೆಗೆ ಆಳಿದ ಮಾನ್ಸಾ ಮೂಸಾನ ಕಾಲದಲ್ಲಿ. 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟ ಅವನು ಕೈರೋದಲ್ಲಿ ಬಂಗಾರವನ್ನು ಧಾರಾಳವಾಗಿ ಹಂಚಿ, ವೆಚ್ಚಮಾಡಿದುದರಿಂದ, 25 ದಿರ್ಹಮಿಗಿಂತ ಕಡಿಮೆಯಾಗದಿದ್ದ ಒಂದು ಮಿತ್ಕಾಲಿನ ಬೆಲೆ 22ಕ್ಕೂ ಕೆಳಕ್ಕೂ ಇಳಿದು, ಸುಮಾರು 12 ವರ್ಷಗಳ ನಂತರವೂ ಚೇತರಿಸಿಕೊಂಡಿರಲಿಲ್ಲವೆಂದು ಅಲ್-ಉಮರಿ ಬರೆದಿದ್ದಾನೆ. ಹಿಂದಿರುಗುವಾಗ ಕೈಯಲ್ಲಿ ಹಣವಿಲ್ಲದೆ ಮೂಸಾ ಅಲ್ಲಿನ ವರ್ತಕರಿಂದಲೇ ಹೆಚ್ಚಿನ ಬಡ್ಡಿಗೆ ಸಾಲ ತರಬೇಕಾಯಿತು. ಗ್ರನಾಡದ ಕವಿ ಅಲ್-ಸಾಹಿಲಿಯು ಅವನೊಡನೆ ಮಾಲಿಗೆ ಬಂದನು. ತಿಂಬಕ್ಟುವಿನ ಜಿಂಗರೆಬೇರ್ ಮಸೀದಿಯ ನಿರ್ಮಾಣದೊಡನೆ ಅವನ ಹೆಸರನ್ನು ಸೇರಿಸಲಾಗುತ್ತದೆ. 1375ರ ಕತಲಾನ್ ಭೂಪಟದಲ್ಲಿ ಬಂಗಾರದ ಗಟ್ಟಿ ಹಿಡಿದ ಕಪ್ಪು ದೊರೆಯಾಗಿ ಮೂಸಾ ಯುರೋಪಿಗೂ ಪರಿಚಿತನಾದನು. ಇಂದು ಅವನನ್ನು ಲೋಕದ ಅತಿ ಶ್ರೀಮಂತನೆಂದು ಲೆಕ್ಕಹಾಕುವ ರೂಢಿಯುಂಟು. ಅಂಥ ಲೆಕ್ಕಕ್ಕೆ ಆಧಾರವಿಲ್ಲ. ಸಿರಿವಂತಿಕೆಗಿಂತ ದೊಡ್ಡ ಸಾಧನೆಯನ್ನು ಅವನ ತಮ್ಮ ಸುಲೇಮಾನನ ಕಾಲದಲ್ಲಿ ಇಬ್ನ್ ಬತೂತನು ಗುರುತಿಸಿದ್ದಾನೆ: ದಾರಿಯಲ್ಲಿ ಕಳ್ಳರ ಭಯವಿರಲಿಲ್ಲ, ಸತ್ತ ಪರದೇಶಿಯ ಸ್ವತ್ತನ್ನು ವಾರಸುದಾರನು ಬರುವವರೆಗೆ ಕಾಪಾಡಿಡಲಾಗುತ್ತಿತ್ತು. ಅರಸನ ಕೊಡುಗೆ ಅತ್ಯಲ್ಪವೆಂದು ಅಸಮಾಧಾನಗೊಂಡಿದ್ದವನೇ ಇದನ್ನು ಬರೆದಿರುವುದರಿಂದ ಈ ಸಾಕ್ಷ್ಯಕ್ಕೆ ತೂಕ ಹೆಚ್ಚು.

14ನೇ ಶತಮಾನದ ಕೊನೆಗೆ ಸಿಂಹಾಸನದ ಕಲಹಗಳು ರಾಜ್ಯವನ್ನು ಸಡಿಲಗೊಳಿಸಿದವು. 1433ರ ಸುಮಾರಿಗೆ ತಿಂಬಕ್ಟು ತುವಾರೆಗ್ ಜನರ ಕೈಸೇರಿ, 1468ರಲ್ಲಿ ಸೊಂಗಾಯ್ ರಾಜ್ಯದ ದೊರೆ ಸುನ್ನಿ ಅಲಿಯ ವಶವಾಯಿತು. ಪೋರ್ಚುಗೀಸರು 1482ರಲ್ಲಿ ಕಡಲತೀರದ ಎಲ್ಮಿನಾದಲ್ಲಿ ಕೋಟೆ ಕಟ್ಟಿದ ಮೇಲೆ ದಕ್ಷಿಣದ ಬಂಗಾರದ ಒಂದು ಪಾಲು ಮರುಭೂಮಿಯನ್ನು ಬಿಟ್ಟು ಹಡಗು ಹತ್ತಿತು. ಮೊರಾಕೊದ ಸೇನೆ 1591ರಲ್ಲಿ ಸೊಂಗಾಯನ್ನು ಮುರಿದಾಗ ಮಾಲಿಗೆ ಮರಳಿ ಏಳುವ ಅವಕಾಶ ಒದಗಿದಂತೆ ಕಂಡರೂ, 1599ರಲ್ಲಿ ಮಾನ್ಸಾ ಮಹಮೂದನು ಜೆನ್ನೆ ಪಟ್ಟಣದ ಮೇಲೆ ಮಾಡಿದ ದಾಳಿ ವಿಫಲವಾಗಿ, ಸಾಮ್ರಾಜ್ಯವು ಸಣ್ಣ ಪುಟ್ಟ ಸಂಸ್ಥಾನಗಳಾಗಿ ಒಡೆಯಿತು. ಪಶ್ಚಿಮದಲ್ಲಿ, ಇಂದಿನ ಗಿನಿ-ಬಿಸಾವು, ಗಾಂಬಿಯಾ ಮತ್ತು ದಕ್ಷಿಣ ಸೆನೆಗಲ್‌ಗಳಲ್ಲಿ ಹಬ್ಬಿದ್ದ ಕಾಬು ರಾಜ್ಯವು ಮಾತ್ರ ಮಾಲಿಯ ಅಧೀನದಿಂದ ಬೇರ್ಪಟ್ಟು, ಅಟ್ಲಾಂಟಿಕ್ ವ್ಯಾಪಾರದ ಆಸರೆಯಲ್ಲಿ ಬೆಳೆದು, 1860ರ ದಶಕದಲ್ಲಿ ಅದರ ರಾಜಧಾನಿ ಕನ್ಸಾಲಾವನ್ನು ಫೂಟಾ ಜಲೋನಿನ ಫುಲಾ ಸೇನೆ ನೆಲಸಮ ಮಾಡುವವರೆಗೂ ಮಂಡಿಂಕಾ ಆಳ್ವಿಕೆಯನ್ನು ಮುಂದುವರಿಸಿತು.