ಹದಿನಾರರ ಆಚೆಗೆ: ಬೆಂಗಳೂರಿನ ಆಟಿಸಂ ಸಂಶೋಧನೆ ಮೊದಲು ಕೇಳಬೇಕಾದ ಪ್ರಶ್ನೆ

ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯೆ ಶೋಭಾ ಶ್ರೀನಾಥ್ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ, ಸುತ್ತಲ ಹಳ್ಳಿಗಳು ಸೇರಿ 2,064 ಮಕ್ಕಳನ್ನು ನೋಡಿದ ಶ್ರಮದ ಕೆಲಸ ಅದು. ನೂರಕ್ಕೆ 12.5 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು; ಮೂರು ಕಡೆಯ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೆಚ್ಚಾಗಿ ಸಿಕ್ಕದ್ದು ನಿದ್ದೆಯಲ್ಲಿ ಮೂತ್ರ ಮಾಡಿಕೊಳ್ಳುವುದು, ಒಂದೊಂದು ವಸ್ತುವಿನ ಭಯ, ಅತಿಚಟುವಟಿಕೆ, ಉಗ್ಗು. ಆಟಿಸಂ ಬಗ್ಗೆ ತೀರ್ಮಾನ ಹೇಳಲು 2,064 ಮಕ್ಕಳ ಸಂಖ್ಯೆ ಸಾಲದು. ನೂರಕ್ಕೊಬ್ಬರು ಎಂಬ ಈಗಿನ ಅಂದಾಜನ್ನು ಹಿಡಿದರೂ ಅಷ್ಟು ಮಕ್ಕಳಲ್ಲಿ ಸಿಗಬಹುದಾದವರು ಇಪ್ಪತ್ತು ಮಂದಿ. ಹತ್ತು ಸಾವಿರಕ್ಕೆ ನಾಲ್ಕೈದು ಎಂಬ ಹಳೆಯ ಅಂದಾಜಿನಲ್ಲಾದರೆ ಒಬ್ಬರೇ.

ಈ ಟಿಪ್ಪಣಿಗೆ ಬೇಕಾದದ್ದು ಆ ಸಮೀಕ್ಷೆಯ ವಯೋಮಿತಿ. ಅದು ಹುಟ್ಟಿನಿಂದ 16ರವರೆಗೆ. ಅಂದು ತೊಟ್ಟಿಲಲ್ಲಿದ್ದ ಮಗುವಿಗೂ ಈಗ ಇಪ್ಪತ್ತು ದಾಟಿದೆ.

ನಂತರದ ದೊಡ್ಡ ಅಧ್ಯಯನಗಳ ವಯೋಮಿತಿ ಇನ್ನೂ ಕೆಳಗಿದೆ. ಪಲ್ವಲ್, ಕಾಂಗ್ಡಾ, ಢೆಂಕಾನಾಲ್, ಉತ್ತರ ಗೋವಾ, ಹೈದರಾಬಾದ್‌ಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್‌ಕ್ಲೆನ್ ಸಮೀಕ್ಷೆ 2ರಿಂದ 9 ವರ್ಷದ 3,964 ಮಕ್ಕಳದ್ದು. ಕರ್ನಾಟಕದ ಒಂದು ಊರೂ ಅದರಲ್ಲಿಲ್ಲ. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತೆಯರು ತಂದೆತಾಯಿಗೆ ಕಲಿಸಿದರೆ ಮಗುವಿಗೆ ಅನುಕೂಲವಾಗುತ್ತದೆಯೇ ಎಂದು ಗೋವಾ ಮತ್ತು ರಾವಲ್ಪಿಂಡಿಯಲ್ಲಿ ಪರೀಕ್ಷಿಸಿದ ‘ಪಾಸ್’ ಪ್ರಯೋಗವೂ (2016) ಅದೇ ವಯಸ್ಸಿನ 65 ಮಕ್ಕಳದ್ದು. ನಮ್ಮ ಊರಲ್ಲೇ ವಾಕ್‌ತಜ್ಞೆ ಪ್ರತಿಭಾ ಕಾರಂತ್ ರೂಪಿಸಿದ ಕಾಂ-ಡೀಲ್ ಕಾರ್ಯಕ್ರಮ ಶಾಲೆಗೆ ಸೇರುವ ಮುಂಚಿನ ಮಕ್ಕಳಿಗಾಗಿ ಹುಟ್ಟಿದ್ದು. ಇವೆಲ್ಲ ಆಗಲೇಬೇಕಾಗಿದ್ದ ಕೆಲಸಗಳು. ಎಳೆಯ ವಯಸ್ಸಿನಲ್ಲಿ ಗುರುತಿಸಿ ಕಲಿಸಲು ಶುರುಮಾಡಿದರೆ ಆಗುವ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆಟಿಸಂ ಒಂಬತ್ತಕ್ಕೆ ಮುಗಿಯುವುದಿಲ್ಲ, ಹದಿನಾರಕ್ಕೂ ಮುಗಿಯುವುದಿಲ್ಲ. ಬೆಂಗಳೂರಿನ ಆಟಿಸಂ ಸಂಶೋಧನೆಯಲ್ಲಿ ಮೊದಲ ಸ್ಥಾನ ಈಗ ವಯಸ್ಕರಿಗೆ ಸಿಗಬೇಕು ಎಂಬುದು ನನ್ನ ವಾದ.

ಇದೇನೂ ಹೊಸ ದಾರಿಯಲ್ಲ. ಆಟಿಸಂ ಅನ್ನು ಪ್ರತ್ಯೇಕ ಸ್ಥಿತಿಯೆಂದು 1943ರಲ್ಲಿ ವಿವರಿಸಿದ ಲಿಯೋ ಕ್ಯಾನರ್, ತಾನು ಅಂದು ವರ್ಣಿಸಿದ ಹನ್ನೊಂದು ಮಕ್ಕಳು ಏನಾದರೆಂದು 28 ವರ್ಷಗಳ ಬಳಿಕ ಹುಡುಕಿಕೊಂಡು ಹೋಗಿ 1971ರಲ್ಲಿ ಮತ್ತೆ ಬರೆದರು. ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್ ಮಿಸಿಸಿಪ್ಪಿಯ ತನ್ನ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ. ಬಾಲ್ಯದಲ್ಲಿ ಒಂದು ರೈತ ದಂಪತಿಯ ಮನೆಯಲ್ಲಿ ಕಳೆದ ಕಾಲ ಅವನ ಕೈಹಿಡಿದಿತ್ತು. ದೊಡ್ಡ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟವರು ಇದ್ದ ಶಕ್ತಿಯನ್ನೂ ಕಳೆದುಕೊಂಡಿದ್ದರು. ಕೇವಲ ಹನ್ನೊಂದು ಜನರ ವಿಚಾರಣೆಯಿಂದ ಇಷ್ಟು ತಿಳಿಯಿತು. ದಶಕಗಳಿಂದ ಮಕ್ಕಳನ್ನು ನೋಡುತ್ತ ಬಂದಿರುವ ನಿಮ್ಹಾನ್ಸ್‌ನ ಹಳೆಯ ಕಡತಗಳಿಂದ ಎಷ್ಟು ತಿಳಿಯಬಹುದು, ಊಹಿಸಿ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಈ ಪ್ರಶ್ನೆಗೆ ಬೇರೆಯದೇ ಒತ್ತಡವಿದೆ. ಇಲ್ಲಿ ತಂದೆತಾಯಿಗೆ ಎಪ್ಪತ್ತು ದಾಟಿದೆ, ಇನ್ನೊಬ್ಬ ಮಗ ಅಥವಾ ಮಗಳು ಅಮೆರಿಕದಲ್ಲೋ ಸಿಂಗಪುರದಲ್ಲೋ ಇದ್ದಾರೆ, ಹಳೆಯ ಮನೆ ಬಿಲ್ಡರ್ ಕೈಗೆ ಹೋಗುವ ಮಾತುಕತೆ ನಡೆದಿದೆ. ಇಂಥ ಒಂದು ಮನೆಯಲ್ಲಿ, ಮೂವತ್ತು ಮೀರಿದ ಮಗನಿಗಾಗಿ ತಾಯಿ ಬರೆದಿಟ್ಟ ನೋಟ್‌ಬುಕ್ಕೊಂದನ್ನು ಅವರ ಒಪ್ಪಿಗೆಯಿಂದ ಓದಿದೆ. ಬೆಳಗಿನ ಕಾಫಿ ಸ್ಟೀಲ್ ಲೋಟದಲ್ಲೇ ಆಗಬೇಕು. ತಟ್ಟೆಯಲ್ಲಿ ಪಲ್ಯಕ್ಕೆ ಹುಳಿ ತಾಗಕೂಡದು. ಕುಕ್ಕರ್ ಇಡುವ ಮೊದಲು ಅವನಿಗೆ ಹೇಳಬೇಕು. ಹೇಳಿದರೆ ತಾನೇ ಎದ್ದು ವರಾಂಡಕ್ಕೆ ಹೋಗಿ ಕೂರುತ್ತಾನೆ, ಹೇಳದಿದ್ದರೆ ಮೊದಲ ವಿಷಲ್‌ಗೇ ಕೈ ಕಚ್ಚಿಕೊಳ್ಳುತ್ತಾನೆ. ಹಲ್ಲು ನೋವಾದರೆ ಬಾಯಿ ತೋರಿಸುವುದಿಲ್ಲ, ಎಡಗಿವಿ ಹಿಡಿದುಕೊಳ್ಳುತ್ತಾನೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ; ಬುಲ್ ಟೆಂಪಲ್ ರಸ್ತೆಯ ಪೀಪಿ, ಮೈಕು ಅವನಿಗೆ ತಡೆಯುವುದಿಲ್ಲ, ಆ ದಿನಗಳಲ್ಲಿ ಮೈಸೂರಿನ ಚಿಕ್ಕಮ್ಮನ ಮನೆ. ನೋಡುವವರಿಗೆ ಇದು ಒಬ್ಬ ತಾಯಿಯ ಕಾಳಜಿ. ಸಂಶೋಧಕರಿಗೆ ಇದು ಮೂವತ್ತು ವರ್ಷಗಳ ವೀಕ್ಷಣೆಯ ದಾಖಲೆ. ಯಾವ ಅಳತೆಪಟ್ಟಿಯೂ ಕೊಡದ ವಿವರ ಇದರಲ್ಲಿದೆ. ಎಡಗಿವಿ ಹಿಡಿದುಕೊಂಡರೆ ಹಲ್ಲು ನೋವು ಎಂಬುದು ಆ ತಾಯಿಯ ನಂತರ ಯಾರಿಗೆ ಗೊತ್ತಿರುತ್ತದೆ? ಇಂಥ ಪುಸ್ತಕಗಳನ್ನು ಮನೆಮನೆಯಿಂದ ಕೇಳಿ ಪಡೆದು, ಗುರುತು ತೆಗೆದು, ಜೋಡಿಸಿ ಓದುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಭಾಷೆಯ ಪ್ರಶ್ನೆಯೂ ವಯಸ್ಕರಲ್ಲಿ ಬೇರೆ ರೂಪ ತಾಳುತ್ತದೆ. ಮಗುವಾಗಿದ್ದಾಗ, ಎರಡು ಭಾಷೆ ಬೇಡ, ಮನೆಯಲ್ಲೂ ಇಂಗ್ಲಿಷೇ ಆಡಿ ಎಂಬ ಸಲಹೆ ಎಷ್ಟೋ ಮನೆಗಳಿಗೆ ಸಿಕ್ಕಿತ್ತು. ಎರಡು ಭಾಷೆಗಳ ನಡುವೆ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತಿಗೆ ಹೆಚ್ಚಿನ ಹಾನಿ ಇಲ್ಲವೆಂದು ಕೆನಡಾದ ಅಧ್ಯಯನಗಳು ತೋರಿಸಿದ ಮೇಲೂ ಆ ಸಲಹೆ ಪೂರ್ತಿ ನಿಂತಿಲ್ಲ. ಈಗ ಇನ್ನೊಂದು ತೊಡಕು ಬಂದಿದೆ. ಇಪ್ಪತ್ತು ಮೂವತ್ತು ಕನ್ನಡ ಪದಗಳಲ್ಲಿ ಬದುಕು ನಡೆಸುವ ವ್ಯಕ್ತಿಯನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಬರುವ ಹುಡುಗನಿಗೆ ಹಲವು ಸಲ ಕನ್ನಡವೇ ಬಾರದು. ಚಾಮರಾಜಪೇಟೆಯ ದಖ್ಖನಿ ಮಾತಿನ ಮನೆಯಲ್ಲೂ, ಮಲ್ಲೇಶ್ವರದ ತಮಿಳು ಮನೆಯಲ್ಲೂ ಇದೇ ಪಾಡು. ಕೆಲವೇ ಪದಗಳ ಮಾತನ್ನು ಹೊಸಬರಿಗೆ ಹೇಗೆ ದಾಟಿಸಬೇಕು, ಚಿತ್ರದ ಕಾರ್ಡು, ಫೋನಿನ ಆ್ಯಪ್‌ಗಳಲ್ಲಿ ಮನೆಯ ಪದಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕೈಗೆತ್ತಿಕೊಳ್ಳಬಹುದಾದ ಗಟ್ಟಿ ವಿಷಯ.

ಚಿಕಿತ್ಸೆಯ ವಿಷಯಕ್ಕೆ ಬಂದರೆ ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸುವುದು ಮಾತ್ರೆಗಳು. ಆಟಿಸಂನ ಮೂಲ ಲಕ್ಷಣಗಳಿಗೆ ಒಪ್ಪಿತವಾದ ಔಷಧ ಇಲ್ಲ. ಸಿಡುಕು, ಹೊಡೆದುಕೊಳ್ಳುವುದು, ಕಚ್ಚಿಕೊಳ್ಳುವುದಕ್ಕೆ ರಿಸ್ಪೆರಿಡೋನ್ ಕೊಡುತ್ತಾರೆ. ಎಷ್ಟೋ ಕುಟುಂಬಗಳಿಗೆ ಅದರಿಂದ ನಿದ್ದೆಯಾದರೂ ಸಿಕ್ಕಿದೆ. ಅದರ ಪ್ರಮುಖ ಅಮೆರಿಕನ್ ಪ್ರಯೋಗ (2002) 101 ಮಕ್ಕಳ ಮೇಲೆ ಎಂಟು ವಾರ ನಡೆಯಿತು. ಎಂಟೇ ವಾರದಲ್ಲಿ ಔಷಧ ತೆಗೆದುಕೊಂಡವರ ತೂಕ ಸರಾಸರಿ 2.7 ಕಿಲೋ ಏರಿತ್ತು, ಉಳಿದವರದ್ದು 0.8 ಕಿಲೋ. ನಮ್ಮ ಮನೆಗಳಲ್ಲಿ ಅದೇ ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ, ಅದೂ ಸಕ್ಕರೆ ಕಾಯಿಲೆ ಮೊದಲೇ ಮನೆಮಾಡಿರುವ ಕುಟುಂಬಗಳಲ್ಲಿ. ಬಾಯಾರಿಕೆ, ಸುಸ್ತು, ಎದೆನೋವು ಹೇಳಲಾಗದವರ ರಕ್ತಪರೀಕ್ಷೆಗೆ ಸೂಜಿ ಚುಚ್ಚಿಸುವುದೇ ಒಂದು ಯುದ್ಧ. ದೀರ್ಘಕಾಲ ಮಾತ್ರೆ ತೆಗೆದುಕೊಂಡ ವಯಸ್ಕರ ತೂಕ, ಸಕ್ಕರೆ, ಮೂರ್ಛೆಗಳ ಮೇಲೆ ಹತ್ತು ವರ್ಷ ಕಣ್ಣಿಡುವ ಅಧ್ಯಯನ ಇಲ್ಲಿ ಆಗಲೇಬೇಕು. ಇತ್ತ ಕಾಂಡಕೋಶ ಚಿಕಿತ್ಸೆಯ ಹೆಸರಲ್ಲಿ ಲಕ್ಷಗಟ್ಟಲೆ ಸುರಿದವರೂ ಇದ್ದಾರೆ. ಆಟಿಸಂಗೆ ಅದನ್ನು ಮಾಡಕೂಡದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ.

ಪ್ರಯೋಗಾಲಯದ ಕೆಲಸ ಕಡಿಮೆಯಾಗಲಿ ಎಂದು ನಾನು ಹೇಳುತ್ತಿಲ್ಲ. ಆಟಿಸಂ ಜತೆ ನಂಟಿರುವ ಫ್ರಾಜೈಲ್ ಎಕ್ಸ್ ಎಂಬ ವಂಶವಾಹಿ ಸ್ಥಿತಿ ಕುರಿತು ನಗರದ ಸಂಶೋಧನಾ ಕೇಂದ್ರಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್‌ನಲ್ಲಿ, ಸಿನ್‌ಗ್ಯಾಪ್ ವಂಶವಾಹಿ ಕುರಿತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ನಡೆದಿರುವುದು ಮೇಲ್ದರ್ಜೆಯ ವಿಜ್ಞಾನ. ತೂಕ ಎಲ್ಲಿ ಹೆಚ್ಚಾಯಿತು ಎಂಬುದಷ್ಟೇ ಪ್ರಶ್ನೆ. ಬ್ರಿಟನ್ನಿನಲ್ಲಿ 2007ರಿಂದ 2011ರವರೆಗಿನ ಆಟಿಸಂ ಸಂಶೋಧನೆಯ ಹಣವನ್ನು ಲಿಜ್ ಪೆಲ್ಲಿಕಾನೊ ತಂಡ ಲೆಕ್ಕ ಹಾಕಿದಾಗ ಶೇ 56ರಷ್ಟು ಜೀವಶಾಸ್ತ್ರ, ಮಿದುಳು, ಅರಿವಿನ ಅಧ್ಯಯನಕ್ಕೆ ಹೋಗಿತ್ತು. ಸೇವೆಗಳ ಅಧ್ಯಯನಕ್ಕೆ ಸಿಕ್ಕದ್ದು ಸುಮಾರು ಶೇ 5. ಅಲ್ಲಿಯೇ ಆಟಿಸಂ ಇರುವವರು, ಕುಟುಂಬದವರು, ವೈದ್ಯರು ಒಟ್ಟಿಗೆ ಕೂತು 2016ರಲ್ಲಿ ಹತ್ತು ಆದ್ಯತೆ ಆರಿಸಿದಾಗ ಮೊದಲನೆಯದಾಗಿ ಬಂದದ್ದು ಮಾನಸಿಕ ಆರೋಗ್ಯದ ಚಿಕಿತ್ಸೆ. ನಮ್ಮಲ್ಲೂ ಹಾಗೆ ಕೂರಬೇಕು, ಇಂಗ್ಲಿಷ್ ಬಾರದ ತಾಯಂದಿರಿಗೂ ಮಾತೇ ಆಡದವರಿಗೂ ಅಲ್ಲಿ ಜಾಗವಿರಬೇಕು.

ಮೊದಲ ಹೆಜ್ಜೆಗೆ ಆಕರ ಈಗಲೇ ಇದೆ. ಆಟಿಸಂ ಇರುವವರಿಗೆ ಹದಿನೆಂಟು ತುಂಬಿದ ಮೇಲೆ ಪಾಲಕರನ್ನು ನೇಮಿಸುವ ಅಧಿಕಾರವನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಜಿಲ್ಲಾಧಿಕಾರಿಯಿರುವ ಸ್ಥಳೀಯ ಸಮಿತಿಗೆ ಕೊಟ್ಟಿದೆ. ಬೆಂಗಳೂರು ನಗರ ಜಿಲ್ಲೆಯ ಆ ಕಡತಗಳಿಂದ, ಕುಟುಂಬಗಳ ಒಪ್ಪಿಗೆ ಪಡೆದು, ಪಾಲಕರ ವಯಸ್ಸು ಎಪ್ಪತ್ತು ದಾಟಿದ ಮನೆಗಳನ್ನು ಬಡಾವಣೆವಾರು ಬೇರ್ಪಡಿಸಬೇಕು. ಆ ಪಾಲಕರ ನಂತರ ಯಾರು ಎಂಬುದನ್ನು ಆಯಾ ಮನೆಗೇ ಹೋಗಿ ಕೇಳಿ ಬರೆದುಕೊಳ್ಳಬೇಕು.